ನಾಳೆಯನ್ನರಿಯದವರು

ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ತ.ರಾ. ಸುಬ್ಬರಾಯರ ‘ದುರ್ಗಾಸ್ತಮಾನ’ದ ಹಳೆಯ ಪ್ರತಿಯೊಂದಿದೆ. ಬೆನ್ನು ಕಿತ್ತು ಎರಡು ಬಾರಿ ಮರುಕಟ್ಟು ಕಂಡು, ಹಾಳೆಗಳ ಮೂಲೆಗಳೆಲ್ಲ ಬೆರಳಿನ ಜಿಡ್ಡಿಗೆ ಕಪ್ಪಾಗಿ, ಎಷ್ಟೋ ಮನೆಗಳ ಜಗಲಿಗಳನ್ನೂ ತಲೆದಿಂಬುಗಳನ್ನೂ ಸುತ್ತಿ ಬಂದಿರುವ ಆ ಪುಸ್ತಕದಲ್ಲಿ, ಹೈದರನ ಪ್ರಸ್ತಾಪ ಬರುವ ಒಂದು ಪುಟದ ಅಂಚಿನಲ್ಲಿ, ಹಿಂದಿನ ಓದುಗರಾರೋ ಸೀಸದಕಡ್ಡಿಯಿಂದ ‘ಬೇಡ ದೊರೆಯೇ, ನಂಬಬೇಡ’ ಎಂದು ಬರೆದಿಟ್ಟಿದ್ದಾರೆ. ಗ್ರಂಥಾಲಯದ ಪುಸ್ತಕದ ಮೇಲೆ ಗೀಚುವುದು ಅಪರಾಧವೆಂದು ನಂಬಿದವನು ನಾನು. ನಿವೃತ್ತನಾಗುವವರೆಗೂ ಶಾಲೆಯ ಹುಡುಗರಿಗೆ ಅದನ್ನೇ ಹೇಳಿಕೊಟ್ಟವನು. ಆದರೂ ಆ ಮೂರು ಮಾತುಗಳನ್ನು ಅಳಿಸಿಹಾಕಲು ನನಗೆ ಕೈ ಬರಲಿಲ್ಲ.

ಯೋಚಿಸಿ ನೋಡಿದರೆ ಅದು ವಿಚಿತ್ರವಾದ ಎಚ್ಚರಿಕೆ. 1779ರಲ್ಲಿ ಚಿತ್ರದುರ್ಗ ಹೈದರನ ವಶವಾಯಿತೆಂಬುದು ಶಾಲೆಯ ಮಕ್ಕಳಿಗೂ ಗೊತ್ತಿರುವ ಸಂಗತಿ. ಗೊತ್ತಿಲ್ಲದವರಿಗಾಗಿ ಲೇಖಕರು ಗ್ರಂಥದ ಹೆಸರಿನಲ್ಲಿಯೇ ‘ಅಸ್ತಮಾನ’ವೆಂಬ ಪದವನ್ನಿರಿಸಿ, ಕಥೆಯ ಕೊನೆಯನ್ನು ರಕ್ಷಾಪುಟದ ಮೇಲೆಯೇ ಒಪ್ಪಿಸಿಬಿಟ್ಟಿದ್ದಾರೆ. ಹೀಗಿದ್ದೂ ಆ ಅಜ್ಞಾತ ಓದುಗರು, ಇನ್ನೂರು ವರ್ಷಗಳ ಹಿಂದೆ ಮುಗಿದುಹೋದ ಬದುಕನ್ನು ಕುರಿತು, ಈಗ ಕೂಗಿದರೂ ಕೇಳಿಸೀತೇನೋ ಎಂಬಂತೆ, ದುರ್ಗದ ದೊರೆ ಮದಕರಿ ನಾಯಕನನ್ನು ಎಚ್ಚರಿಸಲು ಹೊರಟಿದ್ದಾರೆ. ಅವರನ್ನು ಹಾಗೆ ಮಾಡಿಸಿದ್ದೇನು? ತ.ರಾ.ಸು. ಅವರ ಮಾತಿನ ಅಬ್ಬರವಂತೂ ಅಲ್ಲ. ಆ ಅಬ್ಬರ ಕೆಲವೆಡೆ ನನಗೆ ಇಂದಿಗೂ ಅತಿಯೆನಿಸುತ್ತದೆ. ಅವರ ಮದಕರಿಗೆ 1779 ಎಂಬ ಇಸವಿ ಗೊತ್ತಿಲ್ಲ. ಅವನು ತನ್ನ ಇಂದಿನಲ್ಲಿ ನಿಂತು, ತನಗೆ ಕಂಡಷ್ಟು ದಾರಿಯಲ್ಲಿ ಹೆಜ್ಜೆಯಿಡುತ್ತಿದ್ದಾನೆ. ನಮಗೆ ಗೊತ್ತಿರುವುದು ಅವನಿಗೆ ಗೊತ್ತಿಲ್ಲವೆಂಬ ಈ ಅಂತರವೇ ನಮ್ಮ ಹೊಟ್ಟೆಯಲ್ಲಿ ಸಂಕಟವೆಬ್ಬಿಸುತ್ತದೆ.

ಐತಿಹಾಸಿಕ ಕಾದಂಬರಿಯನ್ನು ಅಳೆಯುವುದಕ್ಕೆ ನಾನು ಇಟ್ಟುಕೊಂಡಿರುವ ಒರೆಗಲ್ಲು ಇದೊಂದೇ. ಸಮಕಾಲೀನ ಕಾದಂಬರಿಗೂ ಅದೇ ಸಾಕೆಂದು ಈಚೆಗೆ ತೋರತೊಡಗಿದೆ.

ಚರಿತ್ರೆಯ ಕಥೆಗಳ ಚಪಲ ಕನ್ನಡಿಗರಿಗೆ ಇಂದು ನೆನ್ನೆಯದಲ್ಲ. 1823ರಲ್ಲಿ ಕೆಂಪುನಾರಾಯಣನು ‘ಮುದ್ರಾಮಂಜೂಷ’ದಲ್ಲಿ ಚಾಣಕ್ಯ-ನಂದರ ಕಥೆಯನ್ನು ಗದ್ಯಕ್ಕಿಳಿಸಿದಂದಿನಿಂದ, ಬಿ. ವೆಂಕಟಾಚಾರ್ಯರು ಬಂಕಿಮಚಂದ್ರರನ್ನು ಕನ್ನಡಿಸಿ, ಗಳಗನಾಥರು ‘ಮಾಧವ ಕರುಣಾವಿಲಾಸ’ದಲ್ಲಿ ವಿಜಯನಗರದ ಹುಟ್ಟನ್ನು ಹಾಡಿ, ಕೆ.ವಿ. ಅಯ್ಯರ್ ಅವರೂ ಸಿ.ಕೆ. ನಾಗರಾಜರಾಯರೂ ಬೇರೆ ಬೇರೆಯಾಗಿ ಶಾಂತಲೆಯನ್ನು ಮನೆಮನೆಯ ಹೆಣ್ಣುಮಗಳನ್ನಾಗಿ ಮಾಡಿದವರೆಗೆ ಈ ಪರಂಪರೆ ಬೆಳೆದಿದೆ. ಆ ಕಾಲದ ಬರೆಹಕ್ಕೊಂದು ಉದ್ದೇಶವಿತ್ತು. ನಾಡು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದಾಗ, ನಮಗೂ ಒಂದು ವೈಭವವಿತ್ತೆಂದು ಜನಕ್ಕೆ ನೆನಪು ಮಾಡಿಕೊಡಬೇಕಾಗಿತ್ತು. ಈ ಹೊತ್ತಿನ ಲೇಖಕರಿಗೆ ಅಂಥ ಹೊಣೆಯಿಲ್ಲ. ವೈಭವದ ನೆನಪು ಬೇಕಾದಷ್ಟಾಗಿದೆ, ಕೆಲವರ ಪಾಲಿಗೆ ಬೇಕಾದುದಕ್ಕಿಂತ ಹೆಚ್ಚೇ ಆಗಿದೆ. ಆದ್ದರಿಂದಲೇ ಈಚಿನ ಕೃತಿಗಳಲ್ಲಿ ಮೇಲಾದವು ಅರಮನೆಯ ಹಜಾರವನ್ನು ಬಿಟ್ಟು ಹಿತ್ತಿಲಿಗೂ ಹಡಗುಕಟ್ಟೆಗೂ ಹೋಗಿ ನಿಂತಿವೆ.

ವಸುಧೇಂದ್ರರ ‘ತೇಜೋ-ತುಂಗಭದ್ರಾ’ (2019) ಇದಕ್ಕೆ ಒಳ್ಳೆಯ ನಿದರ್ಶನ. ಲಿಸ್ಬನ್ ನಗರದ ತೇಜೋ ನದಿ, ನಮ್ಮ ತುಂಗಭದ್ರೆ, ನಡುವೆ ಗೋವೆ: ಹೀಗೆ ಮೂರು ದಡಗಳ ಮೇಲೆ ಹರಡಿಕೊಂಡ ಈ ಕಥೆಯಲ್ಲಿ ಕೃಷ್ಣದೇವರಾಯನೂ ಇದ್ದಾನೆ, ಆಲ್ಬುಕರ್ಕನೂ ಇದ್ದಾನೆ, ಆದರೆ ಅವರು ದೂರದ ಗುಡುಗಿನಂತೆ ಇರುವವರು. ಕಥೆ ನಡೆಯುವುದು, ಬೆಲ್ಲಾ ಎಂಬ ಯಹೂದಿ ಹುಡುಗಿಯನ್ನು ಪ್ರೀತಿಸಿ, ಅವಳನ್ನು ಕೈಹಿಡಿಯುವಷ್ಟು ಹಣ ಸಂಪಾದಿಸಲೆಂದು ಹಡಗು ಹತ್ತಿದ ಗೇಬ್ರಿಯಲ್ ಎಂಬ ಬಡ ಹುಡುಗನಿಗೆ, ಮತ್ತು ತುಂಗಭದ್ರೆಯ ದಂಡೆಯ ತೆಂಬಕಪುರದ ಹಂಪಮ್ಮನಿಗೆ. 1492ರಲ್ಲಿ ಸ್ಪೇನಿನಿಂದ ಹೊರದೂಡಿಸಿಕೊಂಡ ಯಹೂದಿಗಳು ನೆರೆಯ ಪೋರ್ಚುಗಲ್ಲಿಗೆ ಓಡಿಬಂದು, ಐದೇ ವರ್ಷಗಳಲ್ಲಿ ಅಲ್ಲಿಯೂ ಬಲಾತ್ಕಾರದ ಮತಾಂತರಕ್ಕೆ ಗುರಿಯಾದರಷ್ಟೆ. 1498ರಲ್ಲಿ ಗಾಮನ ಹಡಗುಗಳು ಕಲ್ಲಿಕೋಟೆ ಮುಟ್ಟಿದವು. 1510ರಲ್ಲಿ ಗೋವೆ ಒಮ್ಮೆ ಆಲ್ಬುಕರ್ಕನ ಕೈಸೇರಿ, ಕೈಬಿಟ್ಟು, ನವೆಂಬರಿನಲ್ಲಿ ಮತ್ತೆ ಕೈಸೇರಿತು. ಚರಿತ್ರೆಯ ಪುಸ್ತಕದಲ್ಲಿ ಬೇರೆ ಬೇರೆ ಅಧ್ಯಾಯಗಳಲ್ಲಿ ನಾವು ಉರುಹೊಡೆದ ಈ ಇಸವಿಗಳು, ಒಬ್ಬನೇ ಹುಡುಗನ ಮೈಮೇಲೆ ಒಂದರ ಹಿಂದೊಂದಾಗಿ ಗಾಯಗಳಾಗಿ ಬೀಳಬಹುದೆಂದು ನನಗೆ ಈ ಕಾದಂಬರಿಯನ್ನೋದುವವರೆಗೆ ಹೊಳೆದಿರಲಿಲ್ಲ. ಲಿಸ್ಬನ್ನಿನ ಗೇಬ್ರಿಯಲ್ ಕೊನೆಗೆ ನಮ್ಮ ನಾಡಿನವರ ಬಾಯಲ್ಲಿ ‘ಅಮ್ಮದಕಣ್ಣ’ನಾಗುವ ಬಗೆಯಂತೂ, ಹೆಸರುಗಳನ್ನು ನಮ್ಮ ಜನ ತಮ್ಮ ನಾಲಗೆಗೆ ಒಗ್ಗಿಸಿಕೊಳ್ಳುವ ರೀತಿಯನ್ನು ಬಲ್ಲವರಿಗೆ, ಏಕಕಾಲಕ್ಕೆ ನಗುವನ್ನೂ ಕಣ್ಣೀರನ್ನೂ ತರಿಸುವಂಥದು.

ಆ ಕೃತಿಯಲ್ಲಿ ನನ್ನನ್ನು ಬಹುಕಾಲ ಬಿಡದೆ ಕಾಡಿದವರು ಲೆಂಕರು. ದೊರೆಯ ಹಿತಕ್ಕೆ ತಲೆಯನ್ನೇ ಒಪ್ಪಿಸುವೆನೆಂದು ಪಣತೊಟ್ಟವನು ಲೆಂಕ. ಆ ದಿನ ಬರುವವರೆಗೆ ಊರು ಅವನನ್ನು ಹೊತ್ತು ಮೆರೆಸುತ್ತದೆ. ಇದು ಲೇಖಕರ ಕಲ್ಪನೆಯ ಕ್ರೌರ್ಯವೆಂದು ಎಣಿಸುವವರು ಒಮ್ಮೆ ಹಳೇಬೀಡಿಗೆ ಹೋಗಿ, ಹೊಯ್ಸಳೇಶ್ವರ ದೇವಾಲಯದ ಬಳಿಯಿರುವ ಕುವರಲಕ್ಷ್ಮನ ಕಂಬವನ್ನು ನೋಡಿ ಬರಬೇಕು. 1220ರ ಸುಮಾರಿಗೆ ವೀರಬಲ್ಲಾಳ ತೀರಿಕೊಂಡಾಗ ಇಂಥದೇ ಪಣತೊಟ್ಟು ಅವನೊಡನೆ ಪ್ರಾಣ ನೀಗಿದ ಗರುಡರ ನೆನಪಿಗಾಗಿ ನಿಲ್ಲಿಸಿದ ಆ ಕಂಬದಲ್ಲಿ, ತಮ್ಮ ತಲೆಯನ್ನು ತಾವೇ ತರಿದುಕೊಳ್ಳುವ ವೀರರ ಚಿಕ್ಕ ಚಿಕ್ಕ ಆಕೃತಿಗಳಿವೆ. ಪ್ರವಾಸಿಗಳು ಅದರ ಪಕ್ಕದಲ್ಲಿಯೇ ಹಾದುಹೋಗುತ್ತಾರೆ; ದೇವಾಲಯದ ಆನೆಸಾಲು ಕಣ್ಣಿಗೆ ಹಿತ, ಇದು ಹಿತವಲ್ಲ. ಅಂಥ ಕಂಬಕ್ಕೆ ಹೆಂಡತಿಯನ್ನೂ ತಾಯಿಯನ್ನೂ, ನಾಳೆ ಬೆಳಗಾಗದಿರಲಿ ಎಂದು ಹಾರೈಸುವ ಒಂದು ರಾತ್ರಿಯನ್ನೂ ಒದಗಿಸಿಕೊಡುವುದು ಕಾದಂಬರಿಕಾರನ ಕೆಲಸ. ವಸುಧೇಂದ್ರರು ಅದನ್ನು ಮಾಡಿದ್ದಾರೆ. ದೋಷಗಳಿಲ್ಲವೆಂದಲ್ಲ: ಕಲೆಹಾಕಿದ ಮಾಹಿತಿಯನ್ನು ಬಿಟ್ಟುಕೊಡಲಾರದ ಲೋಭ ಅಲ್ಲಲ್ಲಿ ಕಾಣುತ್ತದೆ, ಹಿಂಸೆಯ ಪ್ರಸಂಗಗಳು ಒಂದರ ಬೆನ್ನಿಗೊಂದು ಬಂದು, ಮೂರನೆಯದರ ಹೊತ್ತಿಗೆ ಮನಸ್ಸು ಜಡವಾಗುತ್ತದೆ, ನದಿಗಳೆರಡೂ ಕೂಡುವಲ್ಲಿ ಆಕಸ್ಮಿಕಗಳಿಗೆ ತುಸು ಹೆಚ್ಚೇ ಕೆಲಸ ಬಿದ್ದಿದೆ. ಆದರೆ ಅಲ್ಲಿನ ಯಾರೊಬ್ಬರಿಗೂ ತಾವು ಚರಿತ್ರೆಯಲ್ಲಿ ಬದುಕುತ್ತಿದ್ದೇವೆಂಬ ಅರಿವಿಲ್ಲ. ಗುಣಗಳ ಪೈಕಿ ಇದು ದೊಡ್ಡದು.

ಇಲ್ಲಿ ಅಡಿಗೆಮನೆಯ ಮಾತೊಂದನ್ನು ಆಡಿಬಿಡುತ್ತೇನೆ. ಈಚೆಗೆ ಓದಿದ ಇನ್ನೊಂದು ಕಾದಂಬರಿಯಲ್ಲಿ (ಹೆಸರು ಬೇಡ, ಲೇಖಕರು ಇನ್ನೂ ಕಿರಿಯರು) ಹೊಯ್ಸಳರ ಕಾಲದ ದಳವಾಯಿಯೊಬ್ಬ ರಾಗಿಮುದ್ದೆಯ ಜೊತೆಗೆ ಹಸಿಮೆಣಸಿನಕಾಯಿಯನ್ನು ಕಚ್ಚಿ, ಕಣ್ಣಲ್ಲಿ ನೀರು ತಂದುಕೊಳ್ಳುತ್ತಾನೆ. ಅಮೆರಿಕ ಖಂಡದ ಆ ಕಾಯಿ ನಮ್ಮ ನಾಡಿಗೆ ಬಂದದ್ದು ಪೋರ್ಚುಗೀಸರ ಹಡಗಿನಲ್ಲಿ. ದಳವಾಯಿ ಸತ್ತು ಮುನ್ನೂರು ವರ್ಷಗಳಾದ ಮೇಲೆ! ಅದಕ್ಕೆ ಮೊದಲು ನಮ್ಮವರ ಖಾರವೆಲ್ಲ ಮೆಣಸಿನದು. ಕನ್ನಡ ಭಾಷೆ ಈ ಗುಟ್ಟನ್ನು ಇಂದಿಗೂ ಮಡಿಲಲ್ಲಿಟ್ಟುಕೊಂಡಿದೆ: ಹೊಸದಾಗಿ ಬಂದುದನ್ನು ‘ಮೆಣಸಿನಕಾಯಿ’ಯೆಂದು ಕರೆದು, ಹಳೆಯದನ್ನು ಕರಿಮೆಣಸು, ಒಳ್ಳೆಮೆಣಸು ಎಂದು ಪ್ರತ್ಯೇಕಿಸಿ, ಯಾವುದು ತನ್ನ ಸ್ವಂತದ್ದೆಂಬುದನ್ನು ಆ ‘ಒಳ್ಳೆ’ ಎಂಬ ವಿಶೇಷಣದಲ್ಲಿಯೇ ಸೂಚಿಸಿಬಿಟ್ಟಿದೆ. ಆ ಒಳ್ಳೆಮೆಣಸನ್ನು ಅರಸಿಕೊಂಡೇ ಅಲ್ಲವೆ ಗಾಮ ಬಂದದ್ದು? ಇಂಥ ತಪ್ಪುಗಳಿಂದ ಕಾದಂಬರಿ ಕೆಡುತ್ತದೆಂದು ನಾನು ವಾದಿಸುವುದಿಲ್ಲ. ಒಳ್ಳೆಯ ಕೃತಿ ನಾಲ್ಕು ಮೆಣಸಿನಕಾಯಿಗಳನ್ನು ಜೀರ್ಣಿಸಿಕೊಂಡೀತು. ಆದರೆ ಪಾತ್ರದ ಬಾಯಿಗೆ ನಮ್ಮ ಕಾಲದ ಖಾರವನ್ನಿಡುವ ಕೈ, ಅದೇ ಬಾಯಿಗೆ ನಮ್ಮ ಕಾಲದ ಅಭಿಪ್ರಾಯಗಳನ್ನು ಇಡಲಿಕ್ಕೂ ಹಿಂಜರಿಯದೆಂಬುದು ನನ್ನ ಅನುಭವ. ಮುಂದಿನ ಅಧ್ಯಾಯದಲ್ಲಿ ಆ ದಳವಾಯಿ ಸ್ತ್ರೀಸ್ವಾತಂತ್ರ್ಯವನ್ನು ಕುರಿತು ಎರಡು ಪುಟ ಮಾತಾಡಿದ.

ಗೋವೆಯ ಮಾತು ಬಂದುದರಿಂದ ಗೋಪಾಲಕೃಷ್ಣ ಪೈಯವರ ‘ಸ್ವಪ್ನ ಸಾರಸ್ವತ’ವನ್ನು (2009) ನೆನೆಯದೆ ಮುಂದೆ ಹೋಗಲಾರೆ. ಪೋರ್ಚುಗೀಸರ ಮತೀಯ ನ್ಯಾಯಾಲಯಕ್ಕೆ ಹೆದರಿ ಊರು, ಹೊಲ, ದೇವರು ಎಲ್ಲವನ್ನೂ ಬಿಟ್ಟು ದಕ್ಷಿಣಕ್ಕೆ ಸರಿದ ಸಾರಸ್ವತರ ಹಲವು ತಲೆಮಾರುಗಳ ಕಥೆಯದು. ಕರಾವಳಿಯ ಸಾರಸ್ವತರ ಮನೆಗಳಲ್ಲಿ ಇಂದಿಗೂ ಮದುವೆ ಮುಂಜಿಗಳ ಮೊದಲು ಗೋವೆಯ ಕುಲದೇವರಿಗೆ ಕಾಣಿಕೆ ತೆಗೆದಿಡುವ ಪದ್ಧತಿಯುಂಟು. ನಾಲ್ಕೂವರೆ ಶತಮಾನ ಕಳೆದರೂ ಬಿಟ್ಟುಬಂದ ಊರಿನ ಲೆಕ್ಕ ಚುಕ್ತಾ ಆಗಿಲ್ಲವೆಂಬಂತೆ. ಪೈಯವರ ಕಾದಂಬರಿ ಆ ಕಾಣಿಕೆಯ ಗಂಟಿನಂಥದು: ಹಳೆಯದು, ಭಾರವಾದದ್ದು, ಬಿಚ್ಚಿದರೆ ಒಳಗೆ ಒಂದೊಂದೇ ನಾಣ್ಯ. ವಂಶಾವಳಿಯ ಜಾಡು ನನಗೆ ಎರಡು ಸಲ ತಪ್ಪಿತು. ನಾಗ್ಡೊ ಬೇತಾಳನೆಂಬ ಆ ನಿಗೂಢ ವ್ಯಕ್ತಿ ಬಂದಾಗಲೆಲ್ಲ ಮತ್ತೆ ಸಿಕ್ಕಿತು. ಶ್ರೀನಿವಾಸ ವೈದ್ಯರ ‘ಹಳ್ಳ ಬಂತು ಹಳ್ಳ’ದಲ್ಲಿ ಇಷ್ಟು ದೂರದ ಪ್ರಯಾಣವೂ ಇಲ್ಲ, ನವಲಗುಂದದ ಒಂದು ಮನೆತನ, ಅದರ ಸೂತಕ ಮತ್ತು ಹೋಳಿಗೆಗಳು, ಧಾರವಾಡದ ಕಡೆಯ ಆಡುಮಾತು. ಸಿಪಾಯಿದಂಗೆಯ ಕಾಲದಿಂದ ಸ್ವಾತಂತ್ರ್ಯದವರೆಗಿನ ಚರಿತ್ರೆ ಆ ಮನೆಯ ಮುಂದಿನ ಹಳ್ಳದ ಹಾಗೆ ಒಮ್ಮೊಮ್ಮೆ ಉಕ್ಕಿ ಬಂದು, ಅಂಗಳ ಕೆಸರುಮಾಡಿ ಹೋಗುತ್ತದೆ. ಮೈಸೂರು ಸೀಮೆಯವನಾದ ನನಗೆ ಅದರ ಭಾಷೆಗೆ ಕಿವಿ ಪಳಗಲು ಇಪ್ಪತ್ತು ಪುಟ ಬೇಕಾಯಿತು. ಆಮೇಲೆ ಅದನ್ನು ಮನಸ್ಸಿನೊಳಗೆ ಓದುವುದೇ ಅಸಾಧ್ಯವಾಗಿ, ಮನೆಯವರಿಗೆ ಕೇಳುವಂತೆ ಗಟ್ಟಿಯಾಗಿಯೇ ಓದಿದೆ.

ಇನ್ನು ಎಸ್.ಎಲ್. ಭೈರಪ್ಪನವರ ವಿಚಾರ. ಅವರನ್ನು ಮೆಚ್ಚುವವರ ಮುಂದೆ ಆಕ್ಷೇಪವನ್ನೂ, ಆಕ್ಷೇಪಿಸುವವರ ಮುಂದೆ ಮೆಚ್ಚಿಗೆಯನ್ನೂ ಆಡಿ, ಎರಡು ಕಡೆಯೂ ಕಾಫಿ ತಪ್ಪಿಸಿಕೊಂಡವನು ನಾನಾದುದರಿಂದ, ಇಲ್ಲಿ ಎರಡನ್ನೂ ಒಟ್ಟಿಗೆ ಹೇಳಿ ಮುಗಿಸುತ್ತೇನೆ. 2007ರಲ್ಲಿ ಹೊರಬಂದ ‘ಆವರಣ’ದಷ್ಟು ಕನ್ನಡಿಗರನ್ನು ಇಬ್ಭಾಗ ಮಾಡಿದ ಕಾದಂಬರಿ ಈ ಶತಮಾನದಲ್ಲಿ ಇನ್ನೊಂದಿಲ್ಲ. ರಜಿಯಾ ಆದ ಲಕ್ಷ್ಮಿ, ತಂದೆಯ ಸಾವಿನ ತರುವಾಯ ಹಳ್ಳಿಗೆ ಬಂದು, ಅವರು ಕೂಡಿಟ್ಟ ಗ್ರಂಥರಾಶಿಯನ್ನು ಓದಿ, ತಾನೇ ಒಂದು ಕಾದಂಬರಿಯನ್ನು ಬರೆಯುತ್ತಾಳೆ. ಅದಕ್ಕೆ ಆಧಾರಗ್ರಂಥಗಳ ಪಟ್ಟಿಯೂ ಉಂಟು. ಆ ಪಟ್ಟಿಯ ಬಗ್ಗೆ ನಡೆದ ಚರ್ಚೆಯೇ ನನಗೆ ಸೋಜಿಗ ತಂದ ಸಂಗತಿ. ಮೆಚ್ಚಿದವರು ‘ನೋಡಿ, ಪಟ್ಟಿಯಿದೆ’ ಎಂದರು. ಒಲ್ಲದವರು ‘ಪಟ್ಟಿಯಲ್ಲಿ ಇದೇಕಿಲ್ಲ’ ಎಂದರು. ಕಾದಂಬರಿಯಲ್ಲಿ ಪಟ್ಟಿಯೇಕೆ ಬೇಕಾಯಿತೆಂದು ಕೇಳಿದವರು ವಿರಳ. ಪುರಾವೆ ಕೇಳುವುದು ನ್ಯಾಯಸ್ಥಾನ. ಕಾದಂಬರಿಯ ಓದುಗ ಸಾಕ್ಷಿಗಳನ್ನು ಹುಡುಕಿಕೊಂಡು ಬಂದವನಲ್ಲ. ವರ್ತಮಾನದ ಅಧ್ಯಾಯಗಳಲ್ಲಿ ಎಲ್ಲರಿಗೂ ಎಲ್ಲವೂ ಗೊತ್ತಿದೆ. ಯಾರು ಯಾವ ಪಕ್ಷದ ವಕೀಲರೆಂಬುದು ಅವರು ಬಾಯಿಬಿಡುವ ಮೊದಲೇ ನಮಗೂ ಗೊತ್ತಾಗುತ್ತದೆ. ಆದರೆ ಲಕ್ಷ್ಮಿ ಬರೆಯುವ ಆ ಒಳಗಣ ಕಥೆ ಬೇರೆ ತೆರನಾದುದು. ಔರಂಗಜೇಬನ ಕಾಲದಲ್ಲಿ ಸೆರೆಸಿಕ್ಕು, ಪುಂಸ್ತ್ವವನ್ನೂ ಹೆಸರನ್ನೂ ಕಳೆದುಕೊಂಡು ಅಂತಃಪುರದ ಊಳಿಗಕ್ಕೆ ಬಿದ್ದ ರಜಪೂತ ರಾಜಕುಮಾರ, ತನಗಾದುದನ್ನು ಯಾವ ಸಿದ್ಧಾಂತಕ್ಕೂ ಜೋಡಿಸಲು ಬಾರದೆ ತತ್ತರಿಸುವಾಗ, ನಾನು ಪಟ್ಟಿಯನ್ನೂ ಪಕ್ಷಗಳನ್ನೂ ಮರೆತೆ. ಅವನಿಗೆ 2007 ತಿಳಿಯದು. ಲಕ್ಷ್ಮಿಗೆ ತಿಳಿದದ್ದೇ ಕಷ್ಟವಾಯಿತು. ಭೈರಪ್ಪನವರೇ 1998ರಲ್ಲಿ ಪ್ರಕಟಿಸಿದ ‘ಸಾರ್ಥ’ದಲ್ಲಿ, ವ್ಯಾಪಾರದ ಮರ್ಮವನ್ನರಿಯಲೆಂದು ವರ್ತಕರ ತಂಡದೊಡನೆ ಹೊರಟ ನಾಗಭಟ್ಟನ ಜೊತೆಗೆ ನಡೆಯುತ್ತ ಮಂಡನಮಿಶ್ರರ ಮನೆಯನ್ನು ಹೊಕ್ಕಾಗ ನನಗೆ ಇಂಥ ತೊಡಕು ಎದುರಾಗಲಿಲ್ಲ, ಎಂಟನೆಯ ಶತಮಾನದ ವಾದಗಳು ಎಂಟನೆಯ ಶತಮಾನದವರ ಪ್ರಾಣಸಂಕಟಗಳಾಗಿಯೇ ಅಲ್ಲಿ ಉಳಿದಿವೆ.

ಹೀಗೆಲ್ಲ ಓದುತ್ತ ಓದುತ್ತ ಮನಸ್ಸು ಮತ್ತೆ ಮತ್ತೆ ಮಾಸ್ತಿಯವರ ‘ಚಿಕವೀರ ರಾಜೇಂದ್ರ’ಕ್ಕೆ ಹಿಂತಿರುಗುವುದು ವಯಸ್ಸಿನ ದೋಷವೆಂದು ಕಿರಿಯರು ಎಂದಾರು. ಇರಲಿ. 1834ರಲ್ಲಿ ಕೊಡಗು ಕುಂಪಣಿಯ ಕೈಸೇರಿದ ಕಥೆಯಲ್ಲಿ ಲೇಖಕನೊಬ್ಬ ಯಾರನ್ನಾದರೂ ದ್ವೇಷಿಸಬಹುದಿತ್ತು: ಮತಿಗೆಟ್ಟ ದೊರೆ, ಅವನ ಕೆಡುಕಿಗೆಲ್ಲ ಕೈಯಾದ ಕುಂಟ ಬಸವ, ಕೊನೆಗೆ ಇಂಗ್ಲಿಷರಿಗೆ ದಾರಿಬಿಟ್ಟ ಮಂತ್ರಿ ಬೋಪಣ್ಣ, ಸಜ್ಜನರಂತೆ ಮಾತಾಡಿ ನಾಡನ್ನು ನುಂಗಿದ ಪರಂಗಿಯವರು. ಮಾಸ್ತಿಯವರು, ಬಹಳ ವರ್ಷ ಸರಕಾರದ ಅಧಿಕಾರಿಯಾಗಿ ಹಳ್ಳಿಗರ ಅಹವಾಲುಗಳನ್ನು ಕೇಳಿದ ತಾಳ್ಮೆಯಿಂದ, ಒಬ್ಬೊಬ್ಬರನ್ನೂ ಹತ್ತಿರ ಕೂರಿಸಿಕೊಂಡು ‘ಹೇಳು’ ಎಂದಿದ್ದಾರೆ. ಬೋಪಣ್ಣ ತಾನು ಮಾಡಿದ್ದನ್ನು ದ್ರೋಹವೆಂದು ಎಂದೂ ಕರೆದುಕೊಳ್ಳಲಾರ. ನಾಡು ಉಳಿಯಲೆಂದೇ ಮಾಡಿದನವನು. ಮಡಿಕೇರಿಯ ಕೋಟೆಯಿಂದ ಹೊರಟವನ ದಾರಿ ಕಾಶಿಗೆ, ಅಲ್ಲಿಂದ ಲಂಡನ್ನಿಗೆ, ಅಲ್ಲಿಯ ಮಣ್ಣಿಗೆ ಎಂಬುದು ಆ ದೊರೆಗೂ ಗೊತ್ತಿಲ್ಲ.

ಸಮಕಾಲೀನ ಕಾದಂಬರಿಯಲ್ಲಿ ತೊಂದರೆ ತಿರುಗುಮುರುಗಾಗಿದೆ. ಅಲ್ಲಿ ಲೇಖಕರಿಗೂ ನಾಳೆ ತಿಳಿಯದು. ಆದುದರಿಂದ ಪಾತ್ರಗಳೊಡನೆ ಅವರೂ ಕತ್ತಲಲ್ಲಿ ತಡವುತ್ತ ಹೋಗಬೇಕಾದುದು ಸಹಜ. ಆದರೆ ನಮ್ಮ ಬಹಳ ಮಂದಿ ಲೇಖಕರು ಇಂದಿನ ಬೆಂಗಳೂರನ್ನು ಕುರಿತು ಬರೆಯುವಾಗ, ತೀರ್ಪನ್ನು ಮೊದಲೇ ಬರೆದಿಟ್ಟುಕೊಂಡು ವಿಚಾರಣೆಗೆ ಕೂತ ಅಮಲ್ದಾರರ ಹಾಗೆ ಕಾಣುತ್ತಾರೆ. ಐ.ಟಿ. ಕಂಪನಿಯೆಂದರೆ ಇಂಥದು, ಅಪಾರ್ಟ್‌ಮೆಂಟೆಂದರೆ ಇಂಥದು, ಹಳ್ಳಿಯಲ್ಲಿ ಬಿಟ್ಟುಬಂದ ತಾಯಿಯೆಂದರೆ ಇಂಥವಳು. ಪತ್ರಿಕೆಯಲ್ಲಿ ಓದಿದ್ದನ್ನೇ ಎರಡು ವರ್ಷ ತಡವಾಗಿ, ಮುನ್ನೂರು ಪುಟಗಳಲ್ಲಿ ಮತ್ತೆ ಓದುವುದಕ್ಕೆ ನನಗೇನೂ ಉತ್ಸಾಹವಿಲ್ಲ.

ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013) ಈ ದೋಷಕ್ಕೆ ಸಿಕ್ಕದೆ ಉಳಿದದ್ದು, ಅದರ ನಿರೂಪಕನ ಅಲ್ಪತ್ವದಿಂದ. ಚಿಕ್ಕಪ್ಪ ಕಟ್ಟಿದ ಮಸಾಲೆಪುಡಿಯ ವ್ಯಾಪಾರದಿಂದ ದಿಢೀರನೆ ಹಣವಂತವಾದ ಸಂಸಾರ. ಹೆಸರಿಗೆ ಡೈರೆಕ್ಟರಾಗಿ, ಕೆಲಸವೇನೂ ಇಲ್ಲದೆ, ಕಾಫಿ ಹೌಸಿನಲ್ಲಿ ಕೂತು ವಿನ್ಸೆಂಟನೆಂಬ ಮಾಣಿಯ ಮಾತಿಗೆ ಕಾಯುವ ಮಗ. ಹಳೆಯ ಇಕ್ಕಟ್ಟಿನ ಮನೆಯಲ್ಲಿ ಇರುವೆಗಳೊಡನೆ ಅವರೆಲ್ಲ ಹೂಡಿದ್ದ ಯುದ್ಧವನ್ನು, ಬಡತನದ ತಮಾಷೆಯೆಂಬಂತೆ, ಅವನು ನಗುತ್ತ ಹೇಳುತ್ತಾನೆ; ನಾವೂ ನಗುತ್ತೇವೆ. ಮುಂದೆ, ಚಿಕ್ಕಪ್ಪನನ್ನು ಹುಡುಕಿಕೊಂಡು ಒಬ್ಬ ಹೆಂಗಸು, ಅವನಿಗೆ ಇಷ್ಟವೆಂದು ಮಸೂರ ಬೇಳೆಯ ಸಾರು ಮಾಡಿಕೊಂಡು, ಡಬ್ಬಿಯಲ್ಲಿ ತುಂಬಿ ಬಾಗಿಲಿಗೆ ಬಂದು ನಿಂತಾಗ, ಮನೆಯ ಹೆಂಗಸರು ಅವಳ ಮೇಲೆ ಬೀಳುವ ರೀತಿಯಲ್ಲಿ ಇರುವೆಗಳ ನೆನಪು ತಟಕ್ಕನೆ ಮರಳಿ, ನಗು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ನಿರೂಪಕ ನೋಡುತ್ತ ನಿಲ್ಲುತ್ತಾನೆ. ಕೆಟ್ಟವನಲ್ಲ, ಮೆತ್ತಗಿನವನು; ಮನೆಯ ಅನ್ನ ಎಲ್ಲಿಂದ ಬರುತ್ತದೆಂದು ಬಲ್ಲವನು. ಲೇಖಕರು ಅವನ ಬಗ್ಗೆ ಒಂದು ಕಟುನುಡಿಯನ್ನೂ ಆಡುವುದಿಲ್ಲ. ನೂರು ಚಿಲ್ಲರೆ ಪುಟಗಳಲ್ಲಿ, ಹಣ ಒಂದು ಮನೆಯನ್ನು ಹೇಗೆ ಒಳಗಿನಿಂದ ಕಟ್ಟಿಹಾಕುತ್ತದೆಂಬುದನ್ನು ಇಷ್ಟು ಮೆಲುದನಿಯಲ್ಲಿ ಹೇಳಿದ ಇನ್ನೊಂದು ಕೃತಿ ನಮ್ಮಲ್ಲಿ ಬಂದಿದ್ದರೆ ಅದು ನನ್ನ ಕಣ್ಣಿಗೆ ಬಿದ್ದಿಲ್ಲ. ಅವರದೇ ‘ಸಕೀನಾಳ ಮುತ್ತು’ (2021) ಇನ್ನೂ ತೊಡಕಿನ ಹೆಣಿಗೆಯದು: ಮಗಳನ್ನು ಕೇಳಿಕೊಂಡು ಇಬ್ಬರು ಹುಡುಗರು ಮನೆಯ ಕದ ತಟ್ಟಿದಲ್ಲಿಂದ ಮೊದಲಾಗಿ, ತನ್ನನ್ನು ಉದಾರಿಯೆಂದು ನಂಬಿದ ತಂದೆಯೊಬ್ಬನ ಆತ್ಮವಿಶ್ವಾಸ ಹಂತಹಂತವಾಗಿ ಕುಸಿಯುತ್ತದೆ. ಕೊನೆಯ ಭಾಗ ನನಗೆ ಪೂರ್ತಿ ದಕ್ಕಲಿಲ್ಲ. ಎರಡನೆಯ ಸಲ ಓದಬೇಕಾದೀತು.

‘ಘಾಚರ್ ಘೋಚರ್’ ಅನ್ನೂ ನಾನು ತಂದದ್ದು ಅದೇ ಗ್ರಂಥಾಲಯದಿಂದ. ಮಸೂರ ಬೇಳೆಯ ಪ್ರಸಂಗ ಬರುವ ಪುಟದ ಅಂಚಿನಲ್ಲಿ ಇಲ್ಲಿಯೂ ಯಾರೋ ಏನೋ ಬರೆದಿದ್ದರು. ಆಮೇಲೆ ರಬ್ಬರಿನಿಂದ, ಕಾಗದ ತೆಳುವಾಗುವಷ್ಟು, ಉಜ್ಜಿ ಅಳಿಸಿದ್ದರು. ಕಿಟಕಿಯ ಬಳಿ ಹಾಳೆಯನ್ನು ಬೆಳಕಿಗೆ ಓರೆಯಾಗಿ ಹಿಡಿದಾಗ ಸೀಸದಕಡ್ಡಿಯ ಒತ್ತು ಮಾತ್ರ ಉಳಿದಿದ್ದು, ‘ನಮ್ಮ ಮನೆಯಲ್ಲೂ’ ಎಂದು ಓದಲು ಬಂತು.